ಕೆಟ್ಟು ನಿಂತ ಲಾರಿಯ ಮೇಲೆ ಐವತ್ತು ಪರೀಕ್ಷೆ

ಮೊನ್ನೆ ಆಫೀಸಿನ ಕಬ್ಬಿಣದ ಕಪಾಟು ಸರಿಸುವಾಗ ಹಿಂದಿನಿಂದ ಒಂದು ನಿಂಬೆಹಣ್ಣು ಉರುಳಿ ಬಂತು. ಹಣ್ಣು ಅನ್ನಲು ಅದರಲ್ಲಿ ಏನೂ ಉಳಿದಿರಲಿಲ್ಲ. ಒಣಗಿ ಗೋಲಿಯಷ್ಟಾಗಿತ್ತು, ಒಂದು ಬದಿಗೆ ಕುಂಕುಮದ ಕಲೆ. ನಾಲ್ಕು ವರ್ಷದ ಹಿಂದೆ ನಮ್ಮ ಹೊಸ ಸರ್ವರಿಗೆ ದೃಷ್ಟಿ ತೆಗೆದು ಎಸೆದ ಹಣ್ಣು ಅದು. ನಗಬೇಡಿ. ಕಂಪ್ಯೂಟರಿಗೆ ದೃಷ್ಟಿಯಾಗುತ್ತದೆ ಎಂದು ಹೇಳಿದವರು ಪೂಜಾರಿಯಲ್ಲ, ಹೈದರಾಬಾದಿನಿಂದ ಬಂದ ಪ್ರಾಜೆಕ್ಟ್ ಮ್ಯಾನೇಜರು.

ನಾನಿರುವುದು ಸೇಡಂ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ. ಹೆಸರು ಬೇಡ. ಹೇಳಿದರೆ ನನ್ನ ನೌಕರಿಗೆ ಕುತ್ತು, ಹೇಳದಿದ್ದರೆ ನಿಮಗೇನೂ ನಷ್ಟವಿಲ್ಲ. ಒಂದು ದಿನ ಹೆಡ್ಡಾಫೀಸಿನಿಂದ ಅಪ್ಪಣೆ ಬಂತು: ಹಳೆಯ ಸರ್ವರು ಸಾಕು, ಬೇರೆ ತಳಿಯ ಪ್ರೊಸೆಸರಿರುವ ಹೊಸದಕ್ಕೆ ಎಲ್ಲ ತಂತ್ರಾಂಶವನ್ನೂ ಸಾಗಿಸತಕ್ಕದ್ದು. ಇದು ಒಂದು ಕೋಣೆಯ ಪೆಟ್ಟಿಗೆ ಇನ್ನೊಂದು ಕೋಣೆಗೆ ಇಟ್ಟಂತಲ್ಲ. ಹಳೆಯ ಪ್ರೊಸೆಸರಿಗೆ ತಿಳಿಯುವ ಮಾತು ಹೊಸದಕ್ಕೆ ತಿಳಿಯುವುದಿಲ್ಲ. ಪ್ರತಿಯೊಂದು ಪ್ರೋಗ್ರಾಮನ್ನೂ ಅದಕ್ಕೆ ತಿಳಿಯುವ ಹಾಗೆ ಮತ್ತೆ ಕಟ್ಟಬೇಕು, ಕಟ್ಟಿದ್ದನ್ನು ಪರೀಕ್ಷಿಸಬೇಕು. ಹೊಸದು ಕರೆಂಟು ಕಡಿಮೆ ತಿನ್ನುತ್ತದೆ ಎಂದು ತೋರಿಸಲು ಪರದೆಯ ಮೇಲೆ ಒಂದು ಹಸಿರು ಎಲೆಯ ಚಿತ್ರ ಹಾಕಿದ್ದರು. ನಮ್ಮ ಕಡೆ ಬೇವಿನ ಎಲೆ ಕೂಡ ಧೂಳು ಕುಡಿದು ಬೂದು ಬಣ್ಣಕ್ಕಿರುತ್ತದೆ. ಆ ಹಸಿರು ನೋಡಿಯೇ ನಾವೆಲ್ಲ ಒಪ್ಪಿಕೊಂಡೆವೇನೋ.

ಎಲ್ಲದಕ್ಕಿಂತ ತೊಡಕಿನದು ಕಾಟಾದ ಪ್ರೋಗ್ರಾಮು. ಲಾರಿ ತೂಗುವ ಕಟ್ಟೆಗೆ ನಮ್ಮಲ್ಲಿ ಕಾಟಾ ಅನ್ನುತ್ತಾರೆ. ಖಾಲಿ ಲಾರಿ ಬರುವಾಗ ಒಂದು ತೂಕ, ತುಂಬಿಕೊಂಡು ಹೋಗುವಾಗ ಒಂದು ತೂಕ, ಒಂದು ಚೀಟಿ. ಅದನ್ನು ನೋಡಿಕೊಳ್ಳುತ್ತಿದ್ದವರು ತೆಂಗಳಿಯ ಅಂಬಾರಾಯ ಕಾಕಾ. ದಿನಾ ಊರಿನಿಂದ ಬಂದು ಹೋಗುವ ಮನುಷ್ಯ. ಹೆಗಲ ಮೇಲಿನ ಟವೆಲಿನಿಂದ ಮೊದಲು ಕೀಲಿಮಣೆ ಒರೆಸಿ ಆಮೇಲೆ ಮುಖ ಒರೆಸಿಕೊಳ್ಳುವವರು. ಡ್ರೈವರುಗಳು ಅವಸರ ಮಾಡಿದರೆ "ಜರಾ ತಡೀರಿ, ಗಾಡಿ ಉಸಿರು ಬಿಡ್ಲಿ" ಅನ್ನುತ್ತಿದ್ದರು. ನಾನದನ್ನು ಮುದುಕರ ಮಾತೆಂದು ತಿಳಿದಿದ್ದೆ. ನಾನು ಓದಿದವಳು ನೋಡಿ.

ಓಡಾಡುವ ಲಾರಿಗಳ ಮೇಲೆ ಐವತ್ತು ಪರೀಕ್ಷೆ ಮಾಡಿ ಸಹಿ ಹಾಕಿ ಕಳಿಸಬೇಕೆಂದು ಆದೇಶ. ಬೇಸಿಗೆಯ ಮಧ್ಯಾಹ್ನ. ನಮ್ಮ ಬೇಸಿಗೆಯಲ್ಲಿ ಐವತ್ತು ಲಾರಿಗಳನ್ನು ಹತ್ತಿಸಿ ಇಳಿಸುತ್ತ ನಿಲ್ಲುವ ಉತ್ಸಾಹ ಯಾರಿಗಿದೆ? ದೇವರ ದಯೆಯೋ ಏನೋ, ತುಂಬಿದ ಲಾರಿಯೊಂದು ಕಾಟಾದ ಮೇಲೆಯೇ ಕ್ಲಚ್ಚು ಹೋಗಿ ನಿಂತುಬಿಟ್ಟಿತು. ಮೆಕ್ಯಾನಿಕ್ಕು ವಾಡಿಯಿಂದ ಬರಬೇಕು, ಅವನೋ ಸಂಜೆಗೆ ಬರುತ್ತೇನೆಂದ. ಉಳಿದ ಗಾಡಿಗಳನ್ನು ಇನ್ನೊಂದು ಕಾಟಾಕ್ಕೆ ಕಳಿಸಿ, ಈ ಒಂದೇ ಲಾರಿಯನ್ನು ಐವತ್ತು ಸಲ ತೂಗಿದೆವು. ಐವತ್ತು ಸಲವೂ ಒಂದೇ ತೂಕ, ಒಂದು ಕಿಲೋ ಅತ್ತಿತ್ತ ಇಲ್ಲ. ಮ್ಯಾನೇಜರು ಕುಣಿಯುವುದೊಂದು ಬಾಕಿ. ಇಂಥ ನಿಖರತೆಯನ್ನು ತಮ್ಮ ಸರ್ವಿಸಿನಲ್ಲೇ ಕಂಡಿಲ್ಲವೆಂದರು. ನಾನು "ಚಾಲ್ತಿಯಲ್ಲಿರುವ ಲಾರಿಗಳ ಮೇಲೆ ಪರೀಕ್ಷಿಸಲಾಗಿದೆ" ಎಂದು ಬರೆದು ಚೆಂದಗೆ ಸಹಿ ಮಾಡಿದೆ.

ಪೂಜೆಯಾಯಿತು. ಕಾಯಿ ಒಡೆದ ನೀರು ಯಂತ್ರಕ್ಕೆ ಸಿಡಿಯಬಾರದೆಂದು ಅದಕ್ಕೆ ಸಿಮೆಂಟಿನ ಖಾಲಿ ಚೀಲ ಹೊದಿಸಿದ್ದೆವು. ಚೀಟಿಗಳು ಸರಸರನೆ ಬರತೊಡಗಿದವು. ಲಾರಿ ಏರಿತೋ ಇಲ್ಲವೋ, ಚೀಟಿ ತಯಾರು! ಕಾಟಾದ ಮುಂದಿನ ಸಾಲು ಕರಗಿತು. ಚಹಾದಂಗಡಿಯವನೊಬ್ಬ ಮಾತ್ರ ನಮಗೆ ಶಾಪ ಹಾಕಿದ.

ಹದಿನೈದು ದಿನಕ್ಕೆ ತಕರಾರು ಶುರುವಾದವು. ಚಿಂಚೋಳಿಯ ವ್ಯಾಪಾರಿಗೆ ಮಾಲು ಕಡಿಮೆ ಬಿತ್ತು, ಶಹಾಬಾದದವನಿಗೆ ಹೆಚ್ಚು ಹೋಯಿತು. ಹೆಚ್ಚು ಹೋದವನು ತಕರಾರು ಮಾಡಲಿಲ್ಲ, ಅದು ನಮಗೆ ತಡವಾಗಿ ಗೊತ್ತಾಯಿತು. ಸಿಸ್ಟಮ್ಮಿನ ತಪ್ಪಂತೂ ಅಲ್ಲ, ಅದಕ್ಕೆ ಐವತ್ತು ಪರೀಕ್ಷೆಗಳ ಸಾಕ್ಷಿಯಿದೆ. ಅಂದಮೇಲೆ ಉಳಿದವರು ಯಾರು? ಅಂಬಾರಾಯ ಕಾಕಾ. ತೂಕದಲ್ಲಿ ಕೈಯಾಡಿಸಿದ ಆರೋಪ, ವಿಚಾರಣೆ. ಕಂಪ್ಯೂಟರ್ ವಿಭಾಗದ ಪರವಾಗಿ ನನ್ನನ್ನೂ ಕರೆದಿದ್ದರು.

"ಸಾಹೇಬ್ರ, ಗಾಡಿ ಕಾಟಾ ಏರಿದ ಮ್ಯಾಲ ಜರಾ ಕುಣೀತದರಿ," ಎಂದರು ಕಾಕಾ. "ಅದು ಸುಮ್ಮನಾದ ಮ್ಯಾಲ ಚೀಟಿ ಬರಬೇಕು. ಈಗ ಕುಣಿಲಿಕತ್ತಾಗೇ ಚೀಟಿ ಬರ್ಲಿಕತ್ತದ. ತೂಕ ಹ್ಯಾಂಗ ಖರೆ ಆಗ್ತದ್ರಿ?"

"ಐವತ್ತು ಟೆಸ್ಟ್ ಆಗಿದೆ. ಮೇಡಮ್ಮೇ ಸಹಿ ಮಾಡಿದ್ದಾರೆ," ಎಂದರು ಅಧಿಕಾರಿ.

ಎಲ್ಲರೂ ನನ್ನತ್ತ ನೋಡಿದರು. ನಾನು ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನೋಡಿದೆ.

ಮರುದಿನ ಹಳೆಯ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ನಡುವೆ ಒಂದು ಕಡೆ, ಕೋಟಿಗಟ್ಟಲೆ ಎಣಿಸು, ಏನೂ ಮಾಡಬೇಡ, ಎಂಬ ಅಪ್ಪಣೆಯಿತ್ತು. ಹೊಸದಕ್ಕೆ ಸಾಗಿಸುವಾಗ ಮೊದಲ ಸಲ ಓದಿ, ನಮ್ಮ ಕೆಲವು ಅಧಿಕಾರಿಗಳ ನೆನಪಾಗಿ ನಕ್ಕಿದ್ದೆ. ಈಗ ನಗು ಬರಲಿಲ್ಲ. ಯಾವನೋ ಪುಣ್ಯಾತ್ಮ ಲಾರಿ ಅಲುಗಾಡುವುದು ನಿಲ್ಲಲಿ ಎಂದೇ ಅದನ್ನು ಬರೆದಿದ್ದ. ಹಳೆಯ ಪ್ರೊಸೆಸರು ಅಷ್ಟು ಎಣಿಸಿ ಮುಗಿಸಲು ಏಳೆಂಟು ಸೆಕೆಂಡು ಬೇಕಾಗುತ್ತಿತ್ತು, ಲಾರಿ ಅಷ್ಟರಲ್ಲಿ ತಣ್ಣಗಾಗುತ್ತಿತ್ತು. ಹೊಸದು ಕಣ್ಣು ಮಿಟುಕಿಸುವುದರೊಳಗೆ ಎಣಿಸಿ ಮುಗಿಸಿ ಚೀಟಿ ಎಸೆಯುತ್ತಿತ್ತು. ಕ್ಲಚ್ಚು ಹೋದ ಲಾರಿ ಅಲುಗಾಡುವುದಿಲ್ಲ, ಹಾಗಾಗಿ ನಮ್ಮ ಐವತ್ತು ಪರೀಕ್ಷೆಗಳಲ್ಲಿ ಇದು ಕಾಣಿಸಲೇ ಇಲ್ಲ.

ಎಣಿಕೆಯನ್ನು ಕಿತ್ತು, ಗಡಿಯಾರ ನೋಡಿ ಎಂಟು ಸೆಕೆಂಡು ಕಾಯುವಂತೆ ಮಾಡಿದೆ. ತೂಕ ಸರಿಹೋಯಿತು. ವರದಿಯಲ್ಲಿ ಅದಕ್ಕೆ "ಸ್ಥಿರತಾ ಸುಧಾರಣೆ" ಎಂದು ಹೆಸರಿಟ್ಟೆ. ತಪ್ಪು ಎಂದು ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ಬಡ್ತಿಯ ಪಟ್ಟಿ ತಯಾರಾಗುತ್ತಿತ್ತು, ಅದರಲ್ಲಿ ನನ್ನ ಹೆಸರಿತ್ತು. ಸುಧಾರಣೆ ಮಾಡಿದ್ದಕ್ಕೆ ನನಗೊಂದು ಗಾಜಿನ ಫಲಕ ಕೊಟ್ಟರು. ಕಾಕಾನ ಫೈಲಿನಲ್ಲಿ "ಎಚ್ಚರಿಕೆ ಕೊಡಲಾಗಿದೆ" ಎಂದು ಬರೆದು ಅವರನ್ನು ಖಾಲಿ ಚೀಲದ ಗೋದಾಮಿಗೆ ಹಾಕಿದರು. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ ಅನ್ನುತ್ತ ನಾನು ನಾಲ್ಕು ವರ್ಷ ಕಳೆದೆ. ಬರೆಯಲು ನಾಚಿಕೆಯಾಗುತ್ತದೆ.

ಬರುವ ತಿಂಗಳು ಕಾಕಾ ನಿವೃತ್ತರಾಗುತ್ತಾರೆ. ಫೈಲಿನಲ್ಲಿ ಆ ಒಂದು ಸಾಲು ಇದ್ದರೆ, ಕಳ್ಳನೆಂಬ ಗುಮಾನಿ ಹೊತ್ತುಕೊಂಡೇ ಗೇಟು ದಾಟಬೇಕು. ನಿನ್ನೆ ಒಂದು ಕಾಗದ ಬರೆದೆ. ಪರೀಕ್ಷೆ ಮಾಡಿದ್ದು ಕೆಟ್ಟು ನಿಂತ ಒಂದೇ ಲಾರಿಯ ಮೇಲೆ, ತಪ್ಪು ಪ್ರೋಗ್ರಾಮಿನದು, ಸಹಿ ನನ್ನದು, ಅಂಬಾರಾಯರದು ಏನೂ ಇಲ್ಲ. ಇಷ್ಟೇ. ಮೊದಲು ಅವರಿಗೇ ತೋರಿಸಬೇಕೆಂದು ಗೋದಾಮಿಗೆ ಹೋದೆ.

"ಬರ್ರಿ ಮೇಡಂ, ಕುಂದ್ರಿ," ಎಂದು ಒಂದು ಚೀಲ ಝಾಡಿಸಿ ಹಾಸಿದರು. ಕನ್ನಡಕ ಏರಿಸಿಕೊಂಡು ಕಾಗದವನ್ನು ಎರಡು ಸಲ ಓದಿದರು.

"ಇದು ನಂಗ ಗೊತ್ತದಲ್ರಿ. ಆ ಗಾಡಿ ಹಿಂದಿನ ಗಾಲಿಗಿ ಕಲ್ಲು ಕೊಟ್ಟಾಂವ ನಾನೇ. ಐವತ್ತು ಸಲ ಗುಂಡಿ ಒತ್ತಿದಾಂವನೂ ನಾನೇ."

"ಮತ್ತೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ, ಕಾಕಾ?"

"ನೀವು ಅಲ್ಲೇ ಕುಂತಿದ್ರಲ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವೇ ಹೇಳ್ತೀರಂತ ಸುಮ್ಮನಿದ್ದೆ."

ಅವರು ಕಾಗದವನ್ನು ಮಡಿಚಿ ನನ್ನ ಕೈಗೇ ಕೊಟ್ಟು, "ಈಗ ಎದ್ದು ಹೋಗ್ರಿ. ನಾಕಕ್ಕ ದೊಡ್ಡ ಸಾಹೇಬ್ರು ಹೊಂಟು ಹೋಗ್ತಾರ," ಎಂದರು.

ಹೋದೆ. ಸಾಹೇಬರು ಇನ್ನೂ ಇದ್ದರು. ಕೊಟ್ಟೆ.