ತುರ್ತು ಎನ್ನದ ವನೆಸ್ಸಾ

ಮಣಿಪಾಲದ ನಮ್ಮ ಆಫೀಸಿನಲ್ಲಿ ಅಂಗಡಿಗಳ ಪರವಾಗಿ ಮಾರಾಟದ ಇಮೇಲ್ ಬರೆಯುವವರು ಇಬ್ಬರು: ‘ಬೇಗ! ಬೇಗ! ಇಂದೇ ಕೊನೆ!’ ಎಂದು ವರ್ಷವಿಡೀ ಕೂಗಿ ಸಂಬಳ ಪಡೆಯುವ ನಾನು, ಮತ್ತೆ ಕೆಮ್ಮಣ್ಣು ಊರಿನ ವನೆಸ್ಸಾ. ನನ್ನ ಮೇಲ್‌ಗಳನ್ನು ನನ್ನ ಅಮ್ಮನೂ ತೆರೆಯುವುದಿಲ್ಲ. ವನೆಸ್ಸಾ ತಲೆಬರಹ ಬರೆಯುವುದು ಬಂಗುಡೆ ಮೀನು ಆರಿಸಿದ ಹಾಗೆ. ಒಂದೊಂದು ಪದದ ಕಿವಿರು ಎತ್ತಿ ನೋಡುತ್ತಾಳೆ, ಹಳಸಿದ್ದನ್ನು ಮುಖ ಸಿಂಡರಿಸಿ ಪಕ್ಕಕ್ಕಿಡುತ್ತಾಳೆ. ನಾನು ‘ಕೊನೆಯ ಅವಕಾಶ’ ಎಂದು ಬರೆದರೆ, “ನಾಳೆ ಅಂಗಡಿ ಮುಚ್ಚುತ್ತಾರಾ ಮಾರಾಯ?” ಎನ್ನುತ್ತಾಳೆ. ಕೊಡೆ ಮಾರುವವರಿಗೆ ‘ಕೊಡೆ ಉಂಟು, ಮಳೆಯೂ ಉಂಟು’ ಎಂದಷ್ಟೇ ಬರೆದುಕೊಟ್ಟು ಊಟಕ್ಕೆ ಎದ್ದು ಹೋದವಳು ಅವಳು. ಯಾರು ಹೇಳಿದರೂ ಅವಳು ಮುಟ್ಟದ ಪದವೊಂದಿದೆ: ‘ತುರ್ತು’. ಒಮ್ಮೆ ಅವಳೇ ಬರೆದ ‘ತುರ್ತು, ಕೂಡಲೇ ನೋಡಿ’ ಎಂಬ ಮಿಕ್ಸಿಯ ಮೇಲ್ ಕುವೈತಿನಲ್ಲಿರುವ ಅವಳ ಅಕ್ಕನಿಗೂ ವನೆಸ್ಸಾಳ ಹೆಸರಿನಲ್ಲೇ ಹೋಗಿತ್ತು. ಪರದೇಶದಲ್ಲಿರುವವರಿಗೆ ಆ ಪದಕ್ಕೆ ಇರುವುದು ಒಂದೇ ಅರ್ಥ. ಅಕ್ಕ ಮೇಲ್ ತೆರೆಯದೆಯೇ ಫೋನ್ ಮಾಡಿ, “ಮಮ್ಮಿಗೆ ಎಂತ ಆಯ್ತು? ಹೇಳು!” ಎಂದು ಅತ್ತಿದ್ದಳಂತೆ. ನಿನ್ನೆ ನಮ್ಮ ಬಾಸ್ ಪ್ರತೀಕ್ ಅವಳ ಮೇಜಿನ ಬಳಿ ನಿಂತು, “ಈ ಸಲದ ಮಿಕ್ಸಿ ಮೇಲ್‌ಗೆ ತುರ್ತು ಅಂತ ಹಾಕಿ, ಆಗ ಜನ ತೆರೆಯುತ್ತಾರೆ. ಆಗುವುದಿಲ್ಲ ಅಂದ್ರೆ ಬೇರೆ ಕೆಲಸ ನೋಡಿಕೊಳ್ಳಿ” ಎಂದರು. ನಾನು ತಲೆ ತಗ್ಗಿಸಿ ನನ್ನ ‘ಬೇಗ! ಬೇಗ!’ಕ್ಕೆ ಇನ್ನೊಂದು ಆಶ್ಚರ್ಯಸೂಚಕ ಸೇರಿಸಿದೆ. ವನೆಸ್ಸಾ ಅವರ ಕಣ್ಣೆದುರೇ ಟೈಪ್ ಮಾಡಿ, ಊರಿಗೆಲ್ಲ ಕಳುಹಿಸಿಯೇಬಿಟ್ಟಳು: ‘ಮಿಕ್ಸಿಗೆ ರಿಯಾಯಿತಿ ಉಂಟು. ಮನೆಯಲ್ಲಿ ಎಲ್ಲರೂ ಕ್ಷೇಮ.’