ಮಂಗಳವಾಗದ ಪುರಾಣ

ಶ್ರಾವಣ ಸೋಮವಾರ ಪುರಾಣ ಕೇಳಿ, ಕೊನೆಯ ಮಂಗಳದ ಹಾಡು ಮುಗಿಯುವ ತನಕ ನಮ್ಮ ಅವ್ವ ಊಟ ಮುಟ್ಟುವುದಿಲ್ಲ. ತೆಲಂಗಾಣದ ಮಕ್ತಲ್‌ನ ನಮ್ಮ ಓಣಿಯಲ್ಲಿ ಕನ್ನಡ ಪುರಾಣ ಹೇಳುವವರು ಈಗ ಯಾರೂ ಉಳಿದಿಲ್ಲ. ಅದಕ್ಕೇ ಹೋದ ವರ್ಷ ಟಿವಿಗೆ ಒಂದು ಆ್ಯಪ್ ಹಾಕಿಸಿದೆ. ಅವ್ವ ಟಿವಿಗೂ ವಿಭೂತಿ ಹಚ್ಚಿ, ಮುಂದೆ ದೀಪವಿಟ್ಟು ಕೂಡುತ್ತಿದ್ದಳು.

ಒಂದು ಸೋಮವಾರ ಪುರಾಣ ನಡುವೆಯೇ ನಿಂತು, 'ವಿಡಿಯೊ ಪ್ಲೇ ಆಗುತ್ತಿಲ್ಲ' ಎಂದು ಬಂತು. ಮಧ್ಯಾಹ್ನ ಮೂರಾಗಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಗಾಬರಿಯಾಗಿ ಆ್ಯಪಿನ ಸಹಾಯವಾಣಿಗೆ ಫೋನ್ ಹಚ್ಚಿದೆ. ತೆಲುಗಿನ ಹೆಣ್ಣುಮಗಳೊಬ್ಬಳು, ಟಿವಿ ಬಂದ್ ಮಾಡಿ ಒಂದು ನಿಮಿಷ ಬಿಟ್ಟು ಚಾಲೂ ಮಾಡಿರಿ ಅಂದಳು.

"ಮಂಗಳ ಆಗದ ಪುರಾಣ ಬಂದ್ ಮಾಡ್ತಾರೇನೋ? ಆಕಿ ಮನ್ಯಾಗ ಹಿರ್ಯಾರು ಯಾರೂ ಇಲ್ಲೇನು?" ಅಂತ ಅವ್ವ ಗದರಿದಳು.

ನಾನು ಅದನ್ನು ಆದಷ್ಟು ಮೆತ್ತಗೆ ಮಾಡಿ ತೆಲುಗಿನಲ್ಲಿ ಹೇಳಿದೆ. ಆಕೆ, "ಮಂಗಳ ಅಮ್ಮಾವ್ರಿಗೇ ಬರ್ತದಲ್ರೀ? ಅವರೇ ಹಾಡ್ಲಿ. ಆಮ್ಯಾಲ ಬಂದ್ ಮಾಡ್ರಿ" ಎಂಬರ್ಥದ ಮಾತು ಹೇಳಿದಳು.

ಅವ್ವ ಕಣ್ಣು ಮುಚ್ಚಿ ಹಾಡಿದಳು, ಆರತಿ ಬೆಳಗಿದಳು, ಊಟಕ್ಕೆ ಕೂತಳು. ಅಷ್ಟೂ ಹೊತ್ತು ಆ ಪುಣ್ಯಾತ್ಮಳು ಫೋನ್ ಇಡದೆ ಕಾದಿದ್ದಳು. ಆಮೇಲೆ, "ನಿಮ್ಮ ಸಮಸ್ಯೆ ಬಗೆಹರಿಯಿತೇ?" ಎಂದು ಕೇಳಿದಳು.

ಅವ್ವ ಎರಡನೇ ರೊಟ್ಟಿ ಮುರಿಯುತ್ತಿದ್ದಳು. ಬಗೆಹರಿಯಿತು ತಾಯಿ ಅಂದೆ. ಟಿವಿ ಬಂದ್ ಮಾಡಿ ನೋಡಬೇಕಿತ್ತೆಂದು ನೆನಪಾದದ್ದು ಮರುದಿನ.