ಎದೆಯಲ್ಲಿ ತೂತಿದ್ದ ಕಂಬ

ಬೆಳಿಗ್ಗೆ ಏಳೂವರೆಗೆ ಧನಂಜಯ್ ಡ್ರಿಲ್ಲಿಗೆ ಬಿಟ್ ಸಿಕ್ಕಿಸಿ, ಮೇಜಿನ ಮೇಲೆ ಮಲಗಿಸಿದ್ದ ಮರದ ಕಂಬದ ಅತಿ ದಪ್ಪ ಭಾಗ ಯಾವುದೆಂದು ಅಂಗೈಯಿಂದ ಸವರಿ ನೋಡಿದ. ಹತ್ತೊಂಬತ್ತು ವರ್ಷಗಳಿಂದ ಅವನು ಮಾಡುತ್ತ ಬಂದ ಕೆಲಸವಿದು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಆ ಕಾರ್ಖಾನೆ ರಫ್ತಿಗೆ ಬೇಕಾದ ಮರದ ಪೆಟ್ಟಿಗೆ ಮಾಡುತ್ತದೆ. ಹಡಗು ಹತ್ತುವ ಮರವನ್ನು ಬಿಸಿ ಗೂಡಿನಲ್ಲಿಟ್ಟು ಹುಳು ಸಾಯಿಸಿ ಮುದ್ರೆ ಒತ್ತುತ್ತದೆ. ಮರದ ತಿರುಳಿನಲ್ಲಿ ಐವತ್ತಾರು ಡಿಗ್ರಿ ಶಾಖ ಅರ್ಧ ಗಂಟೆ ನಿಲ್ಲಬೇಕು. ಅದನ್ನು ಅಳೆಯುವ ತಂತಿ ಇಳಿಸಲು ತೂತು ಬೇಕು. ದಾಂಡೇಲಿಯ ಪ್ಲೈವುಡ್ ಕಾರ್ಖಾನೆಯಲ್ಲಿ ಕೆಲಸ ಕಲಿತ ಧನಂಜಯ್‌ಗೆ ಈಗ ಐವತ್ತೊಂದು ವರ್ಷ. ಅವನ ಸಹಿಯಿಲ್ಲದೆ ಅಲ್ಲಿಂದ ಒಂದು ಹಲಗೆಯೂ ಹೊರಗೆ ಹೋಗುವುದಿಲ್ಲ.

ಕಂಬ ಆಳೆತ್ತರವಿತ್ತು. ಮೇಲೆ ದುಂಡು ತಲೆ, ಕೆಳಗೆ ಮೈತುಂಬ ಸಣ್ಣ ತ್ರಿಕೋನಗಳ ಕೆತ್ತನೆ. ಕಾಗದದಲ್ಲಿ ‘ತೋಟದ ಅಲಂಕಾರ, ಒಂದು’ ಎಂದಿತ್ತು. ಶುಕ್ರವಾರದ ಕಂಟೇನರಿನಲ್ಲಿ ಅದು ಹೋಗಬೇಕಿತ್ತು. ಅತಿ ದಪ್ಪ ಭಾಗ ತಲೆಯ ಕೆಳಗೆ, ಎದೆಯ ಜಾಗದಲ್ಲಿತ್ತು. ಧನಂಜಯ್ ಅಲ್ಲೇ ಕೊರೆಯತೊಡಗಿದ.

ಬಡಗಿ ಕಹಿಂದಿ ಒಳಗೆ ಬಂದ. ಕರಾವಳಿಯ ಗಿರಿಯಾಮ ಜನದವನು. ಹನ್ನೊಂದು ವರ್ಷದಿಂದ ಧನಂಜಯ್ ಜೊತೆಗಿದ್ದಾನೆ, ಧನಂಜಯ್‌ನ ಹೆಂಡತಿ ಶೈಲಜಾ ಕಟ್ಟಿಕೊಡುವ ಚಿತ್ರಾನ್ನದಲ್ಲಿ ಪಾಲು ತಿಂದವನು. ಇಬ್ಬರೂ ಸ್ವಾಹಿಲಿಯಲ್ಲಿ ಮಾತಾಡುತ್ತಾರೆ.

“ಬಾಸ್, ನಿಲ್ಲಿಸಿ.”

“ಇನ್ನೊಂದು ಇಂಚು, ಫುಂಡಿ,” ಎಂದ ಧನಂಜಯ್. ಮೇಸ್ತ್ರಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆ.

ಕಹಿಂದಿ ಬೀಸಿದ ಮರದ ಕೊಡತಿ ಧನಂಜಯ್‌ನ ಬಲಗೈ ಮೇಲೆ ಬಿತ್ತು. ಎರಡು ಬೆರಳು ಮುರಿದವು. ಜಾರಿದ ಡ್ರಿಲ್ ಪ್ಯಾಂಟು ಹರಿದು ತೊಡೆಯನ್ನು ಸೀಳಿತು. ಉಳಿದ ಕೆಲಸಗಾರರು ಕಹಿಂದಿಯ ಮೇಲೆ ಬಿದ್ದು ಹಲಗೆಯಿಂದ, ಬೂಟಿನಿಂದ ಬಡಿದರು. ಅವನು ಕೈ ಎತ್ತಲಿಲ್ಲ. ಕಂಬದ ಮೇಲೆ ಕವುಚಿ ಮಲಗಿ ಏಟು ತಿಂದ. ಒಂದು ಹಲ್ಲು ನೆಲಕ್ಕೆ ಬಿತ್ತು. “ಬಿಡ್ರೋ ಸಾಕು,” ಎಂದು ಧನಂಜಯ್ ಕೂಗಿದ್ದು ಕನ್ನಡದಲ್ಲಿ. ಯಾರಿಗೂ ತಿಳಿಯಲಿಲ್ಲ. ಸ್ವಾಹಿಲಿಯಲ್ಲಿ ಮತ್ತೆ ಹೇಳಬೇಕಾಯಿತು.

“ನಿಂಗೇನು ತಲೆ ಕೆಟ್ಟಿದೆಯಾ?”

ಕಹಿಂದಿ ರಕ್ತ ಉಗಿದ. “ನಿಮ್ಮಪ್ಪನ ಎದೆಗೆ ಡ್ರಿಲ್ ಹಾಕ್ತಿದ್ರಾ ಬಾಸ್? ಇದು ಕಿಗಾಂಗೊ. ದೊಡ್ಡ ಮನುಷ್ಯ ಸತ್ತು ಕನಸಲ್ಲಿ ಬಂದ್ರೆ ಇದನ್ನ ಕೆತ್ತಿ ನೆಡ್ತೀವಿ. ಆಮೇಲೆ ಇದೇ ಅವನು. ಕಳ್ಳು ಎರೀತೀವಿ. ಊರು ಬಿಟ್ರೂ ಇದನ್ನ ಕೀಳಲ್ಲ. ಗೆದ್ದಲು ತಿಂದು ಮುಗಿಸ್ಬೇಕು, ಆಗ ಅವನು ಹೋದ ಅಂತ ಲೆಕ್ಕ. ನೀವು ಗೆದ್ದಲನ್ನೇ ಕೊಲ್ಲಕ್ಕೆ ಕೂತಿದ್ದೀರಿ.”

“ನಿಮ್ಮ ಮನೇದಾ?”

“ಅಲ್ಲ. ಯಾರದೋ ಅಜ್ಜ. ಕದ್ದು ತಂದಿದ್ದಾರೆ.”

“ಕದ್ದಿದ್ದು ಅಂತ ಹೆಂಗೆ ಹೇಳ್ತೀಯ?”

“ಕಾಲು ನೋಡಿ.”

ನೆಲದಲ್ಲಿ ಹೂತ ಭಾಗಕ್ಕೆ ಕೆತ್ತನೆಯಿರುವುದಿಲ್ಲ. ಮಣ್ಣು ಹತ್ತಿ ಕಪ್ಪಾಗಿರುತ್ತದೆ. ಈ ಕಂಬಕ್ಕೆ ಆ ಭಾಗವೇ ಇರಲಿಲ್ಲ. ಕೆತ್ತನೆ ಮುಗಿಯುವಲ್ಲೇ ಚೈನ್ ಗರಗಸದ ಹಲ್ಲಿನ ಗುರುತಿತ್ತು. ಮೈಯೆಲ್ಲ ಬೂದುಬಣ್ಣ, ಕೊಯ್ದ ಜಾಗ ಮಾತ್ರ ಹಸಿ ಹಳದಿ. ಕೊಯ್ದು ತಿಂಗಳೂ ಆಗಿಲ್ಲವೆಂದು ಹೇಳಲು ಧನಂಜಯ್‌ಗೆ ಯಾರ ನೆರವೂ ಬೇಕಿರಲಿಲ್ಲ. ಅವನು ದಪ್ಪವನ್ನಷ್ಟೇ ನೋಡಿದ್ದ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದವನು ಕಹಿಂದಿಯ ಮೇಲೆ ದೂರು ಕೊಡಲಿಲ್ಲ. ಕಂಬದ ಕಾಗದಕ್ಕೆ ಸಹಿಯನ್ನೂ ಹಾಕಲಿಲ್ಲ.

ಗುರುವಾರ ಮಧ್ಯಾಹ್ನ, ಕಂಬವನ್ನು ರಫ್ತಿಗೆ ತಂದುಕೊಟ್ಟಿದ್ದ ವ್ಯಾಪಾರಿಯ ಕಡೆಯ ಇಬ್ಬರು ಲಾರಿ ತಂದರು.

“ಸಹಿ ಹಾಕು ಮ್ಝೀ,” ಎಂದ ಒಬ್ಬ. ಹಿರಿಯರನ್ನು ಗೌರವದಿಂದ ಕರೆಯುವ ಮಾತದು, ಅವನು ನಗುತ್ತಿದ್ದ. “ಇನ್ನೊಂದು ಕೈ ಇದೆಯಲ್ಲ.”

“ಎಡಗೈಲಿ ಬರೆಯಕ್ಕೆ ಬರಲ್ಲ.”

“ಹಂಗಾದ್ರೆ ಅದನ್ನ ಇಟ್ಕೊಂಡು ಏನ್ಮಾಡ್ತೀಯ?”

ಕಬ್ಬಿಣದ ಸಲಾಕೆ ಎಡ ಮಣಿಕಟ್ಟಿನ ಮೇಲೆ ಎರಡು ಸಲ ಬಿತ್ತು. ಕಂಬವನ್ನು ಎಳೆಯಲು ಬಗ್ಗಿದ ಇನ್ನೊಬ್ಬನ ಭುಜಕ್ಕೆ ಕಹಿಂದಿ ಬಾಚಿ ಬೀಸಿದ. ಅದು ಮೂಳೆಯವರೆಗೂ ಇಳಿಯಿತು. ಯಾರೋ ಗೇಟು ಹಾಕಿ, “ಮ್ವಿಝಿ,” ಎಂದು ಕೂಗಿದರು: ಕಳ್ಳ. ನೈರೋಬಿಯ ಬೀದಿಯಲ್ಲಿ ಆ ಒಂದು ಮಾತಿಗೆ ಜನ ಸತ್ತಿದ್ದಾರೆ. ಮೂರು ದಿನದ ಹಿಂದೆ ಕಹಿಂದಿಯನ್ನು ಬಡಿದವರೇ ಈಗ ಆ ಇಬ್ಬರನ್ನು ಬಡಿದರು, ಅವೇ ಹಲಗೆಗಳಿಂದ. ಪೊಲೀಸರು ಬರುವಷ್ಟರಲ್ಲಿ ಸಲಾಕೆ ಹಿಡಿದಿದ್ದವನಿಗೆ ಪ್ರಜ್ಞೆಯಿರಲಿಲ್ಲ. ಅವನ ಒಂದು ಕಣ್ಣು ಹೋಯಿತು.

ಸೌತ್ ಬಿ ಬಡಾವಣೆಯ ಮನೆಯಲ್ಲಿ ಶೈಲಜಾ ಗಂಡನಿಗೆ ತುತ್ತು ಮಾಡಿ ತಿನ್ನಿಸಿದಳು.

“ಸಹಿ ಹಾಕಿದ್ರೆ ಏನಾಗ್ತಿತ್ತು ರೀ?”

“ಕಂಬ ಹೋಗ್ತಿತ್ತು.”

“ಡ್ಯಾಡ್, ಇಟ್ಸ್ ವುಡ್,” ಎಂದಳು ಮಗಳು ನಿಹಾರಿಕಾ.

“ಅದಕ್ಕೇ ನಂಗೆ ಗೊತ್ತಾಗ್ಬೇಕಿತ್ತು,” ಎಂದು ಧನಂಜಯ್ ಇನ್ನೊಂದು ತುತ್ತಿಗೆ ಬಾಯಿ ತೆರೆದ.

ಪೊಲೀಸರು ಕಂಬದ ಫೋಟೊವನ್ನು ಕರಾವಳಿಯ ಠಾಣೆಗಳಿಗೆ ಕಳಿಸಿದರು. ಐದನೇ ವಾರ ಕಿಲಿಫಿಯ ಒಳನಾಡಿನ ಒಂದು ಕುಟುಂಬ ಅದನ್ನು ಗುರುತಿಸಿತು. ಉಳಿದ ಬುಡ ಇನ್ನೂ ಅವರ ಅಂಗಳದಲ್ಲೇ ಇದೆ; ಗರಗಸದ ಗುರುತು ಹೊಂದುತ್ತದೆ.

ತೂತಿಗೆ ಬೆಣೆ ಹೊಡೆಸಲೇ ಎಂದು ಧನಂಜಯ್ ಕೇಳಿದ. “ಬೇಡ ಬಾಸ್,” ಎಂದ ಕಹಿಂದಿ. “ಗೆದ್ದಲಿಗೆ ದಾರಿ ಆಯ್ತು.”

ಭುಜ ಕಡಿದ ಪ್ರಕರಣದಲ್ಲಿ ಕಹಿಂದಿ ಜಾಮೀನಿನ ಮೇಲಿದ್ದಾನೆ. ಹದಿನಾಲ್ಕನೇ ತಾರೀಕು ವಿಚಾರಣೆ. ಕಂಬ ಈ ಶನಿವಾರ ಲಾರಿಯಲ್ಲಿ ಕಿಲಿಫಿಗೆ ಹೊರಡುತ್ತದೆ. ಅದರ ಪೆಟ್ಟಿಗೆಯನ್ನು ಅವನೇ ಮಾಡಿದ್ದಾನೆ. ಅದನ್ನು ಬಿಸಿ ಗೂಡಿಗೆ ಹಾಕಿಲ್ಲ.